ಜಾಣಮರಿಯಾದ ಪೆಟ್ಟಿಗೆ

ಚಿಯಾಯಿ ಪಟ್ಟಣದ ಒಂದು ಶಾಲೆಯ ವಿಜ್ಞಾನದ ಕೋಣೆಯಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳಿಗಿಂತ ಹೆತ್ತವರೇ ಹೆಚ್ಚಾಗಿದ್ದರು. ಪೋಷಕರ ದಿನ. ಹಿಂದಿನ ಸಾಲಿನಲ್ಲಿ ಅಪ್ಪ ಅಮ್ಮಂದಿರು, ಒಬ್ಬಿಬ್ಬರು ಅಜ್ಜಿಯರು. ಕಿಟಕಿಯ ಕಟ್ಟೆಯ ಮೇಲೆ ಹಬ್ಬಕ್ಕೆ ತಂದು ಮಿಕ್ಕ ಚಕ್ಕೋತಗಳು. ವಾನ್-ರೂ ಟೀಚರು ಮೇಜಿನ ಮೇಲೆ ಎರಡು ಮರದ ಪೆಟ್ಟಿಗೆಗಳನ್ನು ಎದುರುಬದುರಾಗಿ ಇಟ್ಟರು. ಎರಡರ ನೆತ್ತಿಯ ಮೇಲೂ ಬಡಿದರೆ ನಾದ ಕೊಡುವ, ಎರಡು ಕವಲಿನ ಉಕ್ಕಿನ ಶ್ರುತಿಕವೆ. ಎರಡಕ್ಕೂ ಒಂದು ಪಕ್ಕ ಮಾತ್ರ ತೆರೆದ ಬಾಯಿ.

ಕೋಣೆಯಲ್ಲಿದ್ದ ಹಳೆಯ ಸಾಮಾನನ್ನೆಲ್ಲ ಅಂದು ಮಧ್ಯಾಹ್ನ ಗುಜರಿ ಲಾರಿಗೆ ಹಾಕುವುದೆಂದು ಹೆಡ್‌ಮಾಸ್ಟರ್ ಯೆನ್ ತೀರ್ಮಾನಿಸಿದ್ದರು. ಪೆಟ್ಟಿಗೆಗಳೂ ಅದರಲ್ಲಿ ಸೇರಿದ್ದವು. "ಈಗೆಲ್ಲಾ ಪರದೆ ಮೇಲೇ ಅಲೆ ತೋರಿಸ್ತಾರಲ್ಲ ಟೀಚರ್, ಈ ಮರದ ಡಬ್ಬ ಯಾರಿಗೆ ಬೇಕು?" ಎಂದಿದ್ದರು. "ಪೋಷಕರ ದಿನ ನೀವೂ ಬಂದು ಒಂದ್ಸಲ ಕೇಳಿ ಸರ್. ಆಮೇಲೂ ಬೇಡ ಅನ್ನಿಸಿದ್ರೆ ನಾನೇ ಹೊತ್ಕೊಂಡು ಹೋಗಿ ಲಾರಿಗೆ ಹಾಕ್ತೀನಿ," ಎಂದು ವಾನ್-ರೂ ಮಾತು ಕೊಟ್ಟಿದ್ದರು. ಚಿಕ್ಕಂದಿನಲ್ಲಿ ಇದೇ ಕೋಣೆಯಲ್ಲಿ, ಇದೇ ಪೆಟ್ಟಿಗೆಗೆ ಕೆನ್ನೆಯಿಟ್ಟು ಕೇಳಿದ ಹುಡುಗಿ ಅವರು. ಆ ನಡುಕ ಕೆನ್ನೆಯಿಂದ ಇನ್ನೂ ಹೋಗಿರಲಿಲ್ಲ.

ರಬ್ಬರಿನ ಸುತ್ತಿಗೆಯಿಂದ ಎಡಗಡೆಯ ಕವೆಗೆ ಮೆಲ್ಲನೆ ಬಡಿದರು. ಊಂ ಎನ್ನುವ ನಾದ ಕೋಣೆಯನ್ನೆಲ್ಲ ತುಂಬಿತು. ಕವೆಯನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿದರು. ಇನ್ನು ಬಲಗಡೆಯದು ಯಾರೂ ಮುಟ್ಟದೆ ಅದೇ ನಾದವನ್ನು ಮುಂದುವರಿಸಬೇಕು.

ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ.

"ಮುಟ್ಟದೇನೇ ಹಾಡತ್ತೆ ಅಂದ್ರಿ ಟೀಚರ್?" ಮುಂದಿನ ಬೆಂಚಿನ ಪೈ-ಚೆನ್ ಕೇಳಿದಳು.

"ಹಾಡತ್ತಮ್ಮ, ಸ್ವಲ್ಪ ತಾಳು."

ಮತ್ತೆ ಬಡಿದರು. ಮತ್ತೆ ಮೌನ. ನಿನ್ನೆ ಸಂಜೆ ಇವೇ ಎರಡೂ ಜೋಡಿ ಕೋಗಿಲೆಗಳ ಹಾಗೆ ಒಂದಕ್ಕೊಂದು ಓಗೊಟ್ಟಿದ್ದವು. ಹಿಂದಿನಿಂದ ಯಾರೋ ಮೆತ್ತಗೆ ಕೆಮ್ಮಿದರು. ಯೆನ್ ಸಾಹೇಬರು ಎದ್ದು ಮುಂದೆ ಬಂದರು; ಟೀಚರಿಗಿಂತ ಅವರ ಮುಖವೇ ಹೆಚ್ಚು ಬಾಡಿತ್ತು.

"ಬಿಡಿ ಟೀಚರ್, ಬೇಜಾರು ಮಾಡ್ಕೋಬೇಡಿ. ಹಳೇ ಮರ, ವಯಸ್ಸಾಯ್ತು ಪಾಪ."

ವಾನ್-ರೂ ಈ ಸಲ ನೇರವಾಗಿ ಬಲಗಡೆಯ ಕವೆಗೇ ಬಡಿದರು. ಕವೆಯೇನೋ ನಡುಗಿತು. ಕೆಳಗಿನ ಪೆಟ್ಟಿಗೆ ಮಾತ್ರ ಮೂಗು ಕಟ್ಟಿದವರ ಹಾಗೆ ಗೊಣಗಿ ಸುಮ್ಮನಾಯಿತು. ಕವೆಯದೇನೂ ತಪ್ಪಿಲ್ಲ, ಪೆಟ್ಟಿಗೆಯೇ ಮಾತು ಬಿಟ್ಟಿದೆ.

ಅವರಿಗೆ ಮನೆಯಲ್ಲಿರುವ ಎರಡು ವರ್ಷದ ಮಗನ ನೆನಪಾಯಿತು. ಮನೆ ತಲೆಯ ಮೇಲೆ ಬೀಳುವಂತೆ ಕಿರುಚುವ ಪ್ರಾಣಿ ಅದು. ಅವನು ಇದ್ದಕ್ಕಿದ್ದ ಹಾಗೆ ಸುಮ್ಮನಾದನೆಂದರೆ ವಾನ್-ರೂ ಒಲೆ ಆರಿಸಿ ಓಡುತ್ತಾರೆ. ಬಾಯಲ್ಲಿ ಗುಂಡಿಯೋ ರಬ್ಬರಿನ ಚೂರೋ ಏನಾದರೊಂದು ಇದ್ದೇ ಇರುತ್ತದೆ.

"ಬಾಯಲ್ಲಿ ಏನೋ ಇಟ್ಕೊಂಡಿದೀಯ, ಆ ಮಾಡು," ಎನ್ನುತ್ತ ಅಭ್ಯಾಸಬಲದಿಂದ ಪೆಟ್ಟಿಗೆಯನ್ನು ತಿರುಗಿಸಿ ಕೈ ಹಾಕಿದರು. ಒಳಗೆ ಸರಪರ ಸದ್ದು. ಎಳೆದರೆ ಹಸಿರು ಪೊಟ್ಟಣವೊಂದು ಹೊರಗೆ ಬಂತು.

ತೆಂಗಿನ ಘಮದ ಜೋಳದ ಕುರುಕಲು, 'ಜಾಣಮರಿ'. ಕೋಣೆಯಲ್ಲಿ ಅದನ್ನು ಅರಿಯದವರಿರಲಿಲ್ಲ. ಶಾಲೆಯ ಕಂಪ್ಯೂಟರು, ಝೆರಾಕ್ಸ್ ಯಂತ್ರ, ಮೈಕು, ಎಲ್ಲದರ ಮೇಲೂ ಒಂದೊಂದು ಪೊಟ್ಟಣ ಕೂತಿತ್ತು, ಯಂತ್ರ ಹಠ ಮಾಡದೆ ಹೇಳಿದ ಮಾತು ಕೇಳಲಿ ಎಂದು; ಅಲ್ಲಿನವರ ನಂಬಿಕೆ ಅದು.

"ಹಳದಿ ಅಲ್ಲ ತಾನೇ?" ಪೈ-ಚೆನ್‌ಳ ಅಜ್ಜಿ ಕತ್ತು ಉದ್ದ ಮಾಡಿದರು. "ಹಳದಿ ಇಟ್ರೆ ಯಂತ್ರ ಕೆಡತ್ತೆ. ತಾರೀಕು ಮುಗಿದಿದ್ರೂ ಅಷ್ಟೇ, ನೋಡಮ್ಮ."

"ಹಸಿರೇ ಅಜ್ಜಿ. ತಾರೀಕೂ ಇನ್ನೂ ಇದೆ." ವಾನ್-ರೂ ಸುತ್ತ ನೋಡಿದರು. "ಯಾರಪ್ಪಾ ಇದು?"

ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಯೆನ್ ಸಾಹೇಬರ ಕಿವಿ ಕೆಂಪಾಯಿತು.

"ನಾನೇ ಟೀಚರ್," ಎಂದರು ಮೆಲ್ಲಗೆ. "ಬೆಳಿಗ್ಗೆ ಮೈಕಿಗೆ, ಪ್ರೊಜೆಕ್ಟರಿಗೆ ಎಲ್ಲಾ ಇಟ್ಕೊಂಡು ಬಂದೆ. ಹೆತ್ತವರ ಮುಂದೆ ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ ಇದಕ್ಕೂ ಒಂದು ತಂದೆ. ಮೇಲಿಡೋಣ ಅಂದ್ರೆ ಕವೆ ಅಡ್ಡ. ಕೆಳಗೆ ನೋಡಿದ್ರೆ ಬಾಯಿ ತೆರ್ಕೊಂಡು ಕೂತಿತ್ತು, ತಿನ್ನಿಸಿಬಿಟ್ಟೆ."

ಕೋಣೆ ಗೊಳ್ಳೆಂದಿತು.

"ಹಂಗಾದ್ರೆ ಪೆಟ್ಟಿಗೇದು ತಪ್ಪೇ ಇಲ್ಲ ಸರ್," ಪೈ-ಚೆನ್ ಎದ್ದು ನಿಂತಳು. "ಅಜ್ಜಿ ನಂಗೆ 'ಜಾಣಮರಿ ಆಗಿರು' ಅಂದ್ರೆ ಬಾಯಿ ಮುಚ್ಕೊಂಡು ಕೂತ್ಕೋ ಅಂತಾನೇ ಅರ್ಥ. ಅದೂ ಹೇಳಿದ ಮಾತು ಕೇಳಿದೆ!"

"ನೀನು ಯಾವತ್ತು ಕೇಳಿದೀಯೇ?" ಎಂದರು ಅಜ್ಜಿ ಹಿಂದಿನಿಂದ.

ವಾನ್-ರೂಗೆ ನಗು ತಡೆಯಲಾಗಲಿಲ್ಲ. ಪಾಠ ತಾನೇ ಕೈಗೆ ಬಂದಿತ್ತು. "ನೋಡಿ ಮಕ್ಕಳೇ, ಹಾಡೋದು ಬರೀ ಉಕ್ಕಲ್ಲ. ಈ ಬಾಯೊಳಗಿನ ಗಾಳಿನೂ ಜೊತೆಗೆ ಹಾಡ್ಬೇಕು. ಗಾಳಿಗೆ ಜಾಗ ಇಲ್ಲದಂಗೆ ತಿಂಡಿ ತುರುಕಿದ್ರೆ ಪಾಪ ಏನು ಹಾಡತ್ತೆ?"

ಪೆಟ್ಟಿಗೆಗಳನ್ನು ಮತ್ತೆ ಎದುರುಬದುರು ಮಾಡಿ ಎಡಗಡೆಯದಕ್ಕೆ ಬಡಿದರು, ಹಿಡಿದು ನಿಲ್ಲಿಸಿದರು. ನಾದ ನಿಲ್ಲಲಿಲ್ಲ. ಬಲಗಡೆಯಿಂದ ತೆಳ್ಳಗೆ, ದೂರದಲ್ಲಿ ಯಾರೋ ಗುನುಗಿದ ಹಾಗೆ ಬರುತ್ತಿತ್ತು. ನಗುತ್ತಿದ್ದವರೆಲ್ಲ ಕಿವಿಗೊಟ್ಟರು.

"ಕೆನ್ನೆ ಇಡಿ ಸರ್," ಎಂದರು ವಾನ್-ರೂ.

ಯೆನ್ ಸಾಹೇಬರು ಕನ್ನಡಕ ತೆಗೆದು, ಬಗ್ಗಿ, ಪೆಟ್ಟಿಗೆಗೆ ಕೆನ್ನೆಯಿಟ್ಟರು. ನಾದ ಪೂರ್ತಿ ಅಡಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದರು.

"ಇನ್ನೊಂದ್ಸಲ," ಎಂದರು.

ಮಧ್ಯಾಹ್ನ ಲಾರಿ ಬಂತು. ಮುರಿದ ಕುರ್ಚಿಗಳನ್ನು ಹೇರಿಕೊಂಡು ಹೋಯಿತು. ಪೆಟ್ಟಿಗೆಗಳನ್ನು ಕಪಾಟಿಗೆ ಯೆನ್ ಸಾಹೇಬರೇ ಹೊತ್ತು ತಂದಿಟ್ಟರು. ಆಮೇಲೆ ಮೇಜಿನ ಮೇಲಿದ್ದ ಆ ಹಸಿರು ಪೊಟ್ಟಣವನ್ನು ತೆಗೆದುಕೊಂಡು, ಎಲ್ಲಿಡಲೆಂದು ಅತ್ತಿತ್ತ ನೋಡುತ್ತ ನಿಂತರು.

"ಹೊರಗೆ ಸರ್," ಎಂದರು ವಾನ್-ರೂ, ಚಕ್ಕೋತ ಸುಲಿಯುತ್ತ. "ಕಪಾಟಿನ ಹೊರಗೆ."