ಆಚೆ ಗುಡ್ಡದ ಸಿಳ್ಳೆ

ಬೆನೀತಾಳ ಗಂಡ ಎಲಾದಿಯೊ ವೆನೆಜುವೆಲಾಕ್ಕೆಂದು ಕಳ್ಳದೋಣಿ ಹತ್ತಿ ನಾಲ್ಕು ವರ್ಷವಾಗಿತ್ತು. ಒಂದು ಕಾಗದವೂ ಬರಲಿಲ್ಲ. ಆದರೂ ಅವಳು ದಿನಾ ಮುಸ್ಸಂಜೆ ಅಂಗಳದ ಅಂಚಿಗೆ ಬಂದು, ಬಾಯಿಗೆ ಬೆರಳಿಟ್ಟು, ಕಣಿವೆಯಾಚೆಗೆ ಸಿಳ್ಳೆ ಹಾಕುತ್ತಿದ್ದಳು: "ಎಲಾದಿಯೊ, ಊಟಕ್ಕೆ ಬಾ." ಸ್ಪೇನಿನ ಈ ಲಾ ಗೊಮೆರಾ ದ್ವೀಪದಲ್ಲಿ ನಾವು ದೂರದವರೊಡನೆ ಮಾತಾಡುವುದೇ ಹಾಗೆ, ಮಾತನ್ನೇ ಸಿಳ್ಳೆಯಾಗಿಸಿ. ಕಣಿವೆ ಇಳಿದು ಹತ್ತುವುದಕ್ಕೆ ಅರ್ಧ ದಿನ ಬೇಕು, ಸಿಳ್ಳೆಗೆ ಒಂದು ಉಸಿರು ಸಾಕು.

"ಗಂಡ ಬದುಕಿರೋ ಹಾಗೆ ಕರೀತಾಳಲ್ಲ!" ಎಂದು ಊರವರು ಆಡಿಕೊಳ್ಳುತ್ತಿದ್ದರು. ಇಲ್ಲದ್ದನ್ನು ಇದ್ದಂತೆ ಹೇಳುವಾಗ ನಮ್ಮ ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದದ ರೂಪವೇ ಬೇರೆ. ಊರವರು ಆಡುತ್ತಿದ್ದುದು ಆ ರೂಪದಲ್ಲೇ; ಹಾಗೆ ಹೇಳಿದರೆ ಅವನಿಲ್ಲವೆಂದೇ ಲೆಕ್ಕ. ಬೆನೀತಾ ಮಾತ್ರ ಆ ರೂಪವನ್ನು ಬಾಯಿಗೆ ತರಲಿಲ್ಲ. "ಇದ್ದಾನೆ" ಎಂದು ನೇರವಾಗಿ ಹೇಳುತ್ತಿದ್ದಳು.

ನಾನು, ಫಾಬಿಯಾನ್, ಎದುರು ಗುಡ್ಡದಲ್ಲಿ ಆಡು ಮೇಯಿಸುವವನು, ಎಲಾದಿಯೊನ ಬಾಲ್ಯದ ಗೆಳೆಯ. ಉತ್ತರವಿಲ್ಲದ ಆ ಕರೆ ಕೇಳಿ ಕೇಳಿ ಕರುಳು ಚುರುಕ್ಕೆಂದು, ಒಂದು ಸಂಜೆ ಅವನ ಧಾಟಿಯಲ್ಲೇ ಸಿಳ್ಳೆ ಹಾಕಿದೆ: "ಬಂದೆ, ತಡಿ." ಅಲ್ಲಿಂದ ಎರಡು ವರ್ಷ ಅದೇ ಕಸುಬಾಯಿತು.

ನನ್ನ ಪೆದ್ದುತನಕ್ಕೆ ಏನೆನ್ನಲಿ! ಅಷ್ಟರಲ್ಲಿ ಅವಳ ಮೇಲೆ ನನಗೆ ಮನಸ್ಸಾಗಿತ್ತು. ಕರೆದರೆ ಓಗೊಡುವ ಗಂಡನಿರುವಾಗ ಅವಳು ನನ್ನತ್ತ ಯಾಕೆ ತಿರುಗಿ ನೋಡಿಯಾಳು? ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ.

ಕೊನೆಗೆ ಒಂದು ಭಾನುವಾರ ಆಡುಗಳನ್ನು ದೊಡ್ಡಿಗೆ ಕೂಡಿ, ಕಣಿವೆ ಇಳಿದು ಹತ್ತಿ, ಸಂಜೆಗೆ ಅವಳ ಅಂಗಳ ಮುಟ್ಟಿದೆ. ಅವಳು ಹುರಿಹಿಟ್ಟು ಕಲಸುತ್ತಿದ್ದಳು.

"ಬೆನೀತಾ, ಬೈಯೋದಾದ್ರೆ ಬೈದುಬಿಡು. ಆ ಗುಡ್ಡದಿಂದ ಉತ್ತರ ಕೊಡ್ತಿದ್ದದ್ದು ನಾನು. ಎಲಾದಿಯೊ ಇಲ್ಲ."

"ನಿಂಗೆ ಬಿಸಿಲು ತಲೆಗೇರಿದೆ. ನಿನ್ನ ಸಿಳ್ಳೆ ನಿನ್ನ ಆಡುಗಳಿಗೇ ಅರ್ಥ ಆಗಲ್ಲ."

"ಹಾಗಾದ್ರೆ ಈಗ ಕರಿ. ನಾನು ನಿನ್ನ ಕಣ್ಮುಂದೇ ಇದೀನಿ, ಅಲ್ಲಿ ನರಪಿಳ್ಳೆ ಇಲ್ಲ. ಉತ್ತರ ಬರದಿದ್ರೆ ನಂಬ್ತೀಯಾ?"

"ನಂಬಿದ್ರೆ?"

"ನನ್ನ ಮದ್ವೆ ಆಗು."

ಅವಳ ಕಣ್ಣಲ್ಲಿ ನೀರಿತ್ತು. "ಆಯ್ತು" ಎಂದಳು. ಅವಳಿಗೂ ಕಾದು ಸಾಕಾಗಿತ್ತೆಂದು ಆಗ ತಿಳಿಯಿತು.

ಕೈ ಒರೆಸಿಕೊಂಡು ಅಂಚಿಗೆ ಹೋಗಿ ಸಿಳ್ಳೆ ಹಾಕಿದಳು. ಕಣಿವೆ ಅವಳ ಸಿಳ್ಳೆಯನ್ನೇ ಎರಡು ಸಲ ತಿರುಗಿಸಿ ಹೇಳಿ ಸುಮ್ಮನಾಯಿತು. ನಾನು ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಬೆನೀತಾ ಮೆಲ್ಲಗೆ ನನ್ನ ಕಡೆ ಕೈ ಚಾಚಿದಳು. ನಾನು ಹಿಡಿದುಕೊಂಡೆ.

ಆಗ ಎದುರು ಗುಡ್ಡದಿಂದ ಸಿಳ್ಳೆ ಬಂತು. ಎಲಾದಿಯೊನದೇ. ನನಗೆ ಯಾವತ್ತೂ ಅಷ್ಟು ಸರಿಯಾಗಿ ಬಂದಿರಲಿಲ್ಲ.

"ಬೆನೀತಾ, ನಿನ್ನ ಕೈ ಹಿಡಿದಿರೋನು ಯಾರು?"