ಬಾಣಂತಿ ನೀರಿಗೆ ಕರಗಿದ ಗೋಡೆ

ನಾಸಿಕ್ ರೋಡಿನ ಚಾಳಿನಲ್ಲಿ ಕಸ್ತೂರಿಬಾಯಿಯವರ ಬಚ್ಚಲಿನ ಗೋಡೆ ಉಬ್ಬತೊಡಗಿತು. ಅದೂ ಯಾವಾಗ? ಬಾಣಂತನಕ್ಕೆ ಬಂದ ಮಗಳು ಸುಶೀಲಾ ಹಡೆದು ಹದಿನೈದು ದಿನ ಆಗಿದೆ ಅನ್ನುವಾಗ.

ಇದು ಗುಣವತಿಯದೇ ಕೆಲಸ ಎಂದು ಕಸ್ತೂರಿಬಾಯಿ ತೀರ್ಮಾನಿಸಿದರು. ಪಕ್ಕದ ಮನೆಯ ಗುಣವತಿ, ಹೋಟೆಲಿನವಳು, ಉಡುಪಿ ಕಡೆಯವಳು, ಅದೇ ಗೋಡೆಯ ಆಚೆ ತನ್ನ ಬಚ್ಚಲಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಕಸ್ತೂರಿಬಾಯಿ ಗೋಡೆಗೆ ಕಿವಿ ಹಚ್ಚಿ ಕೇಳಿದರು. ನೀರಿನ ಸದ್ದು ಬಂದೇ ಬಂತು.

"ನಮ್ಮ ಗ್ವಾಡಿಗಿ ದಿನಾ ಎಷ್ಟ್ ಕೊಡ ನೀರು ಕುಡಸ್ತೀರಿ?" ಎಂದು ಗುಣವತಿಯ ಬಾಗಿಲಲ್ಲೇ ನಿಂತು ಕೇಳಿಬಿಟ್ಟರು.

"ನಿಮ್ಮ ಗೋಡೆಗೆ ನಾನ್ಯಾಕೆ ನೀರು ಹಾಕ್ಲಿ? ಅದೆಂಥ ಬಾಳೆಗಿಡವಾ?" ಎಂದಳು ಗುಣವತಿ.

ಮರುದಿನ ಗುಣವತಿ ಮನೆಗೆ ಬೀಗ ಹಾಕಿ ಮದುವೆಗೆಂದು ಹತ್ತಿರದ ಘೋಟಿ ಊರಿಗೆ ಹೋದಳು. ಮೂರು ದಿನ ಗೋಡೆಯ ಆಚೆ ಒಂದು ಹನಿ ನೀರು ಬೀಳಲಿಲ್ಲ. ಗೋಡೆ ಮಾತ್ರ ಇನ್ನಷ್ಟು ಉಬ್ಬಿತು. ಕಪ್ಪು ಬೂಷ್ಟು ಹತ್ತಿತು, ಮುಗ್ಗಲು ವಾಸನೆ ಹೊಡೆಯಿತು. ಕೂಸು ಸೀನತೊಡಗಿತು.

ಗಾರೆ ಕೆಲಸದ ಗೌಂಡಿ, ಬೀದರ ಕಡೆಯ ಮನ್ಮಥಪ್ಪನನ್ನು ಕರೆಸಿದರು. ಅವನು ಗೋಡೆಗೆ ಹೆಬ್ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು.

"ಅಕ್ಕಾರ, ಇದು ಜಿಪ್ಸಮ್ ಹಲಗಿ ಅದ. ಒಳಗ ಸುಣ್ಣದಂಥ ಪುಡಿ, ಮ್ಯಾಲ ಬರೀ ಕಾಗದ. ಆಫೀಸಿಗಾದ್ರ ಚಂದ, ಬಚ್ಚಲಕ್ಕಲ್ಲ."

ನಿಜವೇ. ಆಗ ಸಿಮೆಂಟ್ ಕೊಳ್ಳಲು ಬೇಕಿದ್ದ ಸರ್ಕಾರಿ ಪರ್ಮಿಟ್ ಸಿಗಲಿಲ್ಲವೆಂದು ಕಸ್ತೂರಿಬಾಯಿಯವರ ಗಂಡ ವೈಜನಾಥ ಯಾವುದೋ ಆಫೀಸಿನ ಕೆಲಸದಲ್ಲಿ ಉಳಿದ ಹಲಗೆ ತಂದು, ಹಳೆ ಗೋಡೆಗೆ ಹೊಡೆಸಿ, ಎಣ್ಣೆಬಣ್ಣ ಬಳಿಸಿದ್ದರು.

"ವರ್ಷಾಯ್ತು ಹೊಡಸಿ. ಇಷ್ಟ್ ದಿನ ಸುಮ್ಮನಿದ್ದಿದ್ದು ಈಗ್ಯಾಕ ಕೆಡ್ತು?" ಎಂದರು ಕಸ್ತೂರಿಬಾಯಿ.

"ನಾಕ್ ತಂಬಿಗಿ ಜಳಕ ಬ್ಯಾರೆ, ಬಾಣಂತಿ ನೀರು ಬ್ಯಾರೆ. ದಿನಾ ಎರಡ್ ಹಂಡೆ ಸುಡು ನೀರು, ಬಾಗಲ ಮುಚ್ಚಿ ಹಬಿ. ಮೊಳಿ ತೂತಿನ್ಯಾಗ, ಸಂದಿನ್ಯಾಗ ಎಲ್ಲಾ ನೀರು ಹೊಕ್ಕದ. ನಾಳಿಂದ ಇಲ್ಲಿ ಎರೀಬ್ಯಾಡ್ರಿ. ಹಲಗಿ ಕೂಸಿನ ಮ್ಯಾಲೇ ಬಿದ್ದೀತು."

"ನಿನಗ ಕೆಲಸ ಬೇಕಾಗ್ಯದ, ಅದಕ್ಕ ಅಂಜಸ್ತಿ."

ಮನ್ಮಥಪ್ಪ ನಕ್ಕ. "ನನ್ನ ನಂಬಬ್ಯಾಡ್ರಿ. ಈ ಹಲಗಿ ಚೂರು, ಈ ಶಹಾಬಾದ್ ಫರ್ಸಿ ಕಲ್ಲಿನ ಚೂರು, ಎರಡೂ ನೀರಾಗ ಇಡ್ರಿ. ಮುಂಜಾನಿ ನೋಡ್ರಿ."

ಅವನ ಬಕೆಟ್ಟು ಬೇಡವೆಂದು ಕಸ್ತೂರಿಬಾಯಿ ತಮ್ಮದೇ ತಂದರು. ನೀರೂ ತಾವೇ ತುಂಬಿದರು. ಯಾರೂ ಕೈಯಾಡಿಸಬಾರದೆಂದು ಮುಚ್ಚಳದ ಮೇಲೆ ರುಬ್ಬುಗುಂಡು ಹೇರಿದರು.

ಬೆಳಿಗ್ಗೆ ತೆರೆದರೆ ಫರ್ಸಿ ಹಾಗೇ ಇತ್ತು. ಹಲಗೆಯ ಕಾಗದ ಸುಲಿದು, ಒಳಗಿನದು ನೆನೆದ ಅವಲಕ್ಕಿಯ ಹಾಗೆ ಕೈಗೆ ಬಂತು. ಅವರು ಬಚ್ಚಲಿಗೆ ಓಡಿ ಗೋಡೆ ಒತ್ತಿದರು. ಒಂದು ತುಂಡು ಕಳಚಿ ಕಾಲ ಬುಡದಲ್ಲಿ ಬಿತ್ತು. ನಿನ್ನೆ ಸುಶೀಲಾ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತ ಜಾಗವೇ ಅದು.

ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಎರೆಯಲು ಜಾಗವಿಲ್ಲ. ಅಷ್ಟರಲ್ಲಿ ಘೋಟಿಯಿಂದ ಬಂದಿದ್ದ ಗುಣವತಿ ತುಂಡು ಬಿದ್ದ ಸದ್ದು ಕೇಳಿ ಬಾಗಿಲಿಗೆ ಬಂದಳು.

"ನಮ್ಮ ಬಚ್ಚಲಿಗೆ ಕರ್ಕೊಂಡು ಬನ್ನಿ ಮಾರಾಯ್ರೆ. ಅದು ಸಿಮೆಂಟಿನದ್ದು. ಬಾಣಂತಿಗೆ ನೀರು ತಪ್ಪಿಸ್ಬಾರ್ದು."

ಕಸ್ತೂರಿಬಾಯಿ ಮಗಳನ್ನು ಕರೆದುಕೊಂಡು ತಲೆ ತಗ್ಗಿಸಿಕೊಂಡೇ ಹೋದರು. ಗುಣವತಿ ಹದ ನೋಡಿ ಮೊದಲ ತಂಬಿಗೆಯನ್ನು ಸುಶೀಲಾಳ ಬೆನ್ನಿಗೆ ಎರೆದು, ಕಸ್ತೂರಿಬಾಯಿಯತ್ತ ತಿರುಗಿ ಹೇಳಿದಳು:

"ನೋಡಿ ಅಕ್ಕ, ಈ ಸಲ ಮಾತ್ರ ನೀರು ಹಾಕಿದ್ದು ನಾನೇ. ಆಯ್ತಾ?"

ಆ ವಾರವೇ ವೈಜನಾಥ ಪರ್ಮಿಟ್ಟಿಗಾಗಿ ಸರದಿಯಲ್ಲಿ ನಿಂತರು. ಸಿಮೆಂಟ್ ಸಿಕ್ಕ ಮೇಲೆ ಹಲಗೆ ಪೂರಾ ಕೀಳಿಸಿ, ಗೋಡೆಗೆ ಸಿಮೆಂಟ್ ಗಾರೆಯ ಗಿಲಾಯಿ ಮಾಡಿಸಿ, ಭುಜದೆತ್ತರಕ್ಕೆ ಫರ್ಸಿ ಕೂರಿಸಿ, ಸಂದುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಿದರು. ನೆಲಕ್ಕೆ ಮೋರಿಯ ಕಡೆ ಇಳಿಜಾರೂ ಕೊಡಿಸಿದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಚ್ಚಲಿಗೂ ಯಾರಾದರೂ ಅಗ್ಗದ ಹಲಗೆ ತಂದಿದ್ದರೆ ಹೊಡೆಸುವ ಮೊದಲು ಒಂದು ಚೂರನ್ನು ರಾತ್ರಿಯಿಡೀ ನೆನೆಹಾಕಿ. ಈಗಾಗಲೇ ಹೊಡೆಸಿದ್ದರೆ ಇವತ್ತೇ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಬಣ್ಣ ಬಳಿದು ಮುಚ್ಚಬೇಡಿ, ಕೀಳಿಸಿ. ಅನುಮಾನ ಪಡಲೇಬೇಕಿದ್ದರೆ ಪಕ್ಕದ ಮನೆಯವರನ್ನು ಬಿಡಿ, ಮೊದಲು ಆ ಹಲಗೆಯ ಮೇಲೆ ಪಡಿ.