ಅಕ್ಕನ ಶೀಶೆ

ಶೀತಪೆಟ್ಟಿಗೆಯ ಶೀಶೆಗಳಿಗೆ ಅಡ್ಡಹೆಸರಿಡುವ ಚಾಳಿಯನ್ನು ನಮ್ಮ ಪ್ರಯೋಗಾಲಯಕ್ಕೆ ಹಚ್ಚಿದವನು ನಾನೇ. ರೋಗಿಯ ಗಂಟಲಿನಿಂದ ಬಂದ ವೈರಾಣುವಿಗೆ 'ಕಿಟಕಿ ತಾತ' ಎಂದೋ 'ಗೊರಕೆ ಮಾವ' ಎಂದೋ ಬರೆದರೆ ಮರೆಯುವುದಿಲ್ಲವೆಂಬುದು ನನ್ನ ಜಾಣತನ. ಮೂವತ್ತು ವರ್ಷ ದಾಖಲೆ ಬರೆದವನಿಗೆ ಯಾರೂ ಎದುರಾಡಲಿಲ್ಲ.

ಕಳೆದ ವರ್ಷ 'ಕಿಟಕಿ ತಾತ' ನಮ್ಮ ಆಸ್ಪತ್ರೆಯಲ್ಲಿ ಒಂಬತ್ತು ಜನರನ್ನು ಬಲಿ ತೆಗೆದುಕೊಂಡಿತು. ಅದು ಕಂಡರೆ ವಾರ್ಡು ಮುಚ್ಚಿರೆಂದು ಹೊಳೆಯಾಚೆಯ ಆಸ್ಪತ್ರೆಗೆ ನಾನೇ ಪತ್ರ ಬರೆದೆ. ಅವರು ತಮ್ಮ ಪಟ್ಟಿ ನೋಡಿ, ಆ ಹೆಸರಿನದು ಇಲ್ಲವೆಂದು ಉತ್ತರಿಸಿದರು. ಅವರ ಪಟ್ಟಿಯಲ್ಲಿದ್ದ ವೈರಾಣುವಿಗೆ ಅವರಿಟ್ಟ ಹೆಸರು 'ಹನ್ನೆರಡನೇ ಮಂಚ'. ಆ ಮಂಚವಿದ್ದ ವಾರ್ಡನ್ನು ಮುಚ್ಚಲಿಲ್ಲ; ಅಲ್ಲಿ ನನ್ನ ಮಗಳು ದಾದಿಯಾಗಿದ್ದಳು. ಅವರ ಉತ್ತರ ಬಂದ ಹದಿನೇಳನೆಯ ದಿನ ತೀರಿಕೊಂಡಳು. ಸೋಂಕಿನ ಭಯಕ್ಕೆ ಅವಳ ಬಟ್ಟೆ, ಬಾಚಣಿಗೆಯನ್ನೂ ಸುಟ್ಟರು. ಎರಡು ವೈರಾಣುಗಳ ಜೀನ್ ಸರಣಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದು ಆಮೇಲೆ. ಎರಡೂ ಒಂದೇ ಆಗಿದ್ದವು.

ಈಗ ಹೊಸ ನಿಯಮ ಬಂದಿದೆ. ಮೊದಲು ಸರಣಿ ಓದಬೇಕು. ಬಳಿಕ ಎಲ್ಲರೂ ಒಂದೇ ಕ್ರಮದಲ್ಲಿ ಬಗೆ, ಕವಲು, ದೇಶ, ಮಾದರಿಯ ಸಂಖ್ಯೆ, ವರ್ಷ ಬರೆಯಬೇಕು. ರೋಗಿಯ ಗುರುತು ಕೂಡದು. ಶೀಶೆಗಳ ಹಳೆಯ ಚೀಟಿಗಳನ್ನು ಬದಲಿಸಲು ನಾನೂ, ಒಂದು ಕಾಲಕ್ಕೆ ನನ್ನ ಕೈಕೆಳಗೆ ಪಳಗಿದ ನಮ್ಮ ಮುಖ್ಯಸ್ಥೆಯೂ ಕುಳಿತೆವು.

"ಗೊರಕೆ ಮಾವ! ಸತ್ತ ಮೇಲೂ ಅವರ ಗೊರಕೆ ನಿಲ್ಲೋಕೆ ಬಿಡ್ಲಿಲ್ವಲ್ಲ ಯಜಮಾನ್ರೇ," ಎಂದಳು.

"ಬದುಕಿದಾನಮ್ಮ. ಹೆಂಡತಿಗೆ ಈಗ್ಲೂ ನಿದ್ದೆ ಇಲ್ವಂತೆ."

ಕೊನೆಯ ಡಬ್ಬಿಯ ತಳದಲ್ಲಿ 'ಅಕ್ಕ' ಸಿಕ್ಕಿತು. ಆಸ್ಪತ್ರೆಯವರೆಲ್ಲ ನನ್ನ ಮಗಳನ್ನು ಕರೆಯುತ್ತಿದ್ದುದು ಹಾಗೆಯೇ. ಅವಳ ಗಂಟಲಿನಿಂದ ತೆಗೆದದ್ದು. ಚೀಟಿ ನನ್ನ ಕೈಬರಹದ್ದು. ಅವಳದೆಂದು ಉಳಿದಿರುವುದು ಇದೊಂದೇ.

ಮುಖ್ಯಸ್ಥೆ ಮುಖ ತಿರುಗಿಸಿದಳು. "ಇದೊಂದು ಬಿಟ್ಬಿಡಿ. ಯಾರು ನೋಡ್ತಾರೆ?"

"ಹೊಳೆಯಾಚೆಯವರು ನೋಡ್ಬೇಕಲ್ಲಮ್ಮ. ನೋಡಿದ್ರೆ ಇದು ಯಾವ ವೈರಾಣು ಅಂತ ತಕ್ಷಣ ಗೊತ್ತಾಗ್ಬೇಕು."

ದೇವರನ್ನು ನೆನೆದೆ. ವರ್ಷದಿಂದ ಬೇಡುತ್ತಿದ್ದ ಸಮಾಧಾನವನ್ನು ಆಗ ಬೇಡಲಿಲ್ಲ. ಅಕ್ಷರ ನೆಟ್ಟಗೆ ಬರಲಿ ಎಂದಷ್ಟೇ ಕೇಳಿಕೊಂಡೆ. ಹಿಮಗಟ್ಟಿದ ಚೀಟಿ ಒಂದೇ ಸಲಕ್ಕೆ ಬಿಡಲಿಲ್ಲ. ಕೆರೆದು ಕೆರೆದು ತೆಗೆದೆ. ಹೊಸದನ್ನು ಬರೆದು ಅಂಟಿಸಿ, ಮೊದಲೇ ಬದಲಿಸಿದ್ದ 'ಕಿಟಕಿ ತಾತ'ನ ಪಕ್ಕಕ್ಕೆ ಇಟ್ಟೆ. ಮಾದರಿಯ ಸಂಖ್ಯೆಯೊಂದು ಬಿಟ್ಟರೆ ಎರಡು ಚೀಟಿಗಳಿಗೂ ವ್ಯತ್ಯಾಸವಿರಲಿಲ್ಲ. ನನ್ನ ಪತ್ರದಲ್ಲೂ ಅವರ ಪಟ್ಟಿಯಲ್ಲೂ ಇಷ್ಟಿದ್ದಿದ್ದರೆ ಆ ವಾರ್ಡು ಮುಚ್ಚುತ್ತಿತ್ತು.

"ಬಾಗಿಲು ಹಾಕಿ ಯಜಮಾನ್ರೇ, ಒಳಗಿರೋದು ಕರಗುತ್ತೆ."

ಹಾಕಿದೆ. ಕೈಗವಸಿನ ಬೆರಳತುದಿಗೆ ಹಳೆಯ ಚೀಟಿಯ ಚೂರು ಅಂಟಿತ್ತು. ಗವಸು ಕಳಚಿ, ಸುಡುವ ಬುಟ್ಟಿಗೆ ಹಾಕಿದೆ.